ನಟ್ಟಿಗೆ ಹೇಳಿದ ಸುಳ್ಳು

ಸಿಗ್ನಲ್ಲಿನಲ್ಲಿ ಹಸಿರು ಬಂದು ಕ್ಲಚ್ ಬಿಟ್ಟ ಕೂಡಲೇ ನಮ್ಮ ಕಾರು ಮುಂದಿನ ಎಡಚಕ್ರದಿಂದ ‘ಕಟಕ್’ ಅನ್ನುತ್ತಿತ್ತು. ರಿವರ್ಸ್ ಹಾಕಿದರೆ ಇನ್ನೊಂದು ‘ಕಟಕ್’. ಒಂದೇ ಒಂದು, ಅಷ್ಟೇ. ಏನೋ ಕೇಳಬೇಕು ಅಂತ ಬಂದ ನೆಂಟರು ಗಂಟಲು ಸರಿಮಾಡಿಕೊಳ್ಳುವ ಹಾಗೆ.

ಒಂದು ತಿಂಗಳ ಹಿಂದೆ ಅದೇ ಚಕ್ರದ ಬೇರಿಂಗ್ ಬದಲಾಯಿಸಿದ್ದೆವು. ನಟ್ಟು ಎಷ್ಟು ಬಿಗಿ ಮಾಡಿದ್ರಿ ಅಂತ ಆವತ್ತೇ ಮೆಕ್ಯಾನಿಕ್‌ನ ಕೇಳಿದ್ದೆ. ‘ಕೈಗೇ ಗೊತ್ತಾಗುತ್ತೆ ಸಾರ್’ ಅಂದಿದ್ದ. ಆ ಕೈಗೆ ಆವತ್ತು ಯಾಕೋ ಗೊತ್ತಾಗಿರಲಿಲ್ಲ.

ಚಕ್ರದ ನಟ್ಟ ನಡುವೆ, ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಕೂತಿರುವ ದೊಡ್ಡ ನಟ್ಟು ಇದು. ಆಕ್ಸಲ್ ನಟ್ಟು. ಇಂಜಿನ್ನಿನ ಬಲ ತರುವ ಶಾಫ್ಟನ್ನು ಚಕ್ರದ ಹಬ್‌ಗೆ ಹಿಡಿದಿಡುವುದೂ ಇದೇ, ನಮ್ಮ ಕಾರಿನಂಥವುಗಳಲ್ಲಿ ಬೇರಿಂಗನ್ನು ಅದುಮಿಡುವುದೂ ಇದೇ. ಸಡಿಲವಾದರೆ ಹೊಸ ಬೇರಿಂಗೂ ಹಾಳು. ಅತಿಯಾಗಿ ತಿರುಚಿದರೆ ಥ್ರೆಡ್ಡು ಹಾಳಾಗುತ್ತದೆ. ನನ್ನ ಕಾರಿಗೆ ಬೇಕಾದ ತಿರುಚುವ ಬಲ, ಅಂದರೆ ಟಾರ್ಕ್, 200 ನ್ಯೂಟನ್ ಮೀಟರ್. ಅದನ್ನು ಅಳೆಯಲು ಟಾರ್ಕ್ ರೆಂಚ್ ಅಂತ ಇದೆ. ಒಂದು ನಟ್ಟಿಗೋಸ್ಕರ ಸಾವಿರಾರು ರೂಪಾಯಿ ಕೊಡಲು ಮನಸ್ಸು ಬರಲಿಲ್ಲ. 32 ಎಂಎಂ ಸಾಕೆಟ್ಟು, ಉದ್ದ ಹಿಡಿಯ ಹ್ಯಾಂಡಲ್ಲು ಪಕ್ಕದ ರಸ್ತೆಯ ಲಾರಿ ಡ್ರೈವರ್ ಹತ್ತಿರ ಸಿಕ್ಕವು. ಹೊಸ ನಟ್ಟು ಕೊಂಡೆ. ಹಳೆಯದರ ಅಂಚನ್ನು ಶಾಫ್ಟಿನ ಕಚ್ಚಿಗೆ ಬಡಿದು ಕೂರಿಸಿರುತ್ತಾರೆ, ಬಿಚ್ಚಿದ ಮೇಲೆ ಅದು ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಅಳತೆಯ ಸಮಸ್ಯೆ ಬಗೆಹರಿಸಿದ್ದು ಮಗಳು. ಅವಳು ಮೊದಲನೇ ಪಿಯುಸಿ. ಮನೆಯಲ್ಲಿ ಟಾರ್ಕ್ ಅನ್ನೋ ಶಬ್ದ ಕಿವಿಗೆ ಬಿದ್ದದ್ದೇ ತಡ, ಪೆನ್ನು ಹಿಡಿದು ಬಂದಳು.

‘ಅಪ್ಪ, ಸುಲಭ. 200ನ್ನ 9.8ರಿಂದ ಭಾಗಿಸಿದ್ರೆ 20.4 ಕೆಜಿ ಮೀಟರ್. ಅಂದ್ರೆ ನಟ್ಟಿಂದ ಒಂದು ಮೀಟರ್ ದೂರದಲ್ಲಿ 20.4 ಕೆಜಿ ಇಟ್ಟ ಹಾಗೆ. ನೀನೇ ಹ್ಯಾಂಡಲ್ ಮೇಲೆ ಹತ್ತಿ ನಿಂತ್ಕೋ. ಎಷ್ಟು ದೂರದಲ್ಲಿ ನಿಲ್ಬೇಕು ಅಂತ ನಾನು ಹೇಳ್ತೀನಿ. ನಿನ್ನ ತೂಕ ಎಷ್ಟು?’

‘ಎಪ್ಪತ್ತೆರಡು’ ಅಂದೆ.

ಇದು ಸುಳ್ಳಲ್ಲ. ಹಳೆಯ ಮಾಹಿತಿ. ರೈಲ್ವೆ ಸ್ಟೇಷನ್ನಿನ ದೀಪ ಮಿನುಗುವ ಯಂತ್ರದ ಮೇಲೆ ನಿಂತು, ನಾಣ್ಯ ಹಾಕಿ ಪಡೆದ ರಟ್ಟಿನ ಚೀಟಿಯಲ್ಲಿ ಅಚ್ಚಾಗಿದ್ದ ಸಂಖ್ಯೆ. ಚೀಟಿಯ ಹಿಂಬದಿಯಲ್ಲಿ ನನ್ನ ಭವಿಷ್ಯವೂ ಇತ್ತು. ಆವತ್ತಿನಿಂದ ಯಾರು ಕೇಳಿದರೂ 72. ಊರು, ಹೆಸರು, ತೂಕ, ಇವು ಬದಲಾಗುವುದಿಲ್ಲ ಅಂತ ನಂಬಿದವನು ನಾನು.

‘ಹಾಗಾದ್ರೆ 28 ಸೆಂಟಿಮೀಟರ್’ ಅಂದಳು. ಹ್ಯಾಂಡಲ್ಲು ತೆಳು, ಕಾಲು ಜಾರುತ್ತದೆ. ಅದಕ್ಕೆ ತೊಡಿಸಲು ಪೈಪು ಬೇಕು. ಹಿತ್ತಲಲ್ಲಿ ಅಮ್ಮ ಒರೆಸುವ ಬಟ್ಟೆ ಒಣಗಿಸುವ ಮೂರಡಿ ಜಿಐ ಪೈಪು ಇತ್ತು. ಬಟ್ಟೆಗಳನ್ನು ಕರಿಬೇವಿನ ಗಿಡದ ಮೇಲೆ ಎಸೆದು ಪೈಪು ಎತ್ತಿಕೊಂಡು ಬಂದೆ. ಪೈಪಿನ ತುದಿಯಿಂದ 28 ಅಳೆದು ಗುರುತು ಹಾಕುವಷ್ಟರಲ್ಲಿ ಮಗಳು ತಲೆ ಚಚ್ಚಿಕೊಂಡಳು. ‘ನಟ್ಟಿನ ಮಧ್ಯದಿಂದ ಅಳಿಬೇಕಪ್ಪ!’

‘ಪೈಪಿಗೂ ತೂಕ ಇದೆಯಲ್ಲ, ಅದು?’ ಅಂತ ನಾನೂ ಬುದ್ಧಿವಂತಿಕೆ ತೋರಿಸಿದೆ.

‘ಅದನ್ನ ಲೆಕ್ಕಕ್ಕೆ ತಗೊಳಲ್ಲ.’ ಫಿಸಿಕ್ಸ್ ಲೆಕ್ಕಗಳಲ್ಲಿ ಹಗ್ಗಕ್ಕೆ ಭಾರವಿಲ್ಲ, ರಾಟೆಗೆ ಘರ್ಷಣೆಯಿಲ್ಲ. ಎಷ್ಟು ಸುಖವಾದ ಲೋಕ ಅಲ್ವಾ?

ಚಕ್ರ ಗಾಳಿಯಲ್ಲಿದ್ದಾಗ ಈ ಕೆಲಸ ಮಾಡಿದರೆ ಕಾರು ಜಾಕಿಯಿಂದ ಉರುಳಬಹುದು. ಹಾಗಾಗಿ ಹೊಸ ನಟ್ಟನ್ನು ಮೊದಲು ಒಂದು ಮಟ್ಟಕ್ಕೆ ಬಿಗಿ ಮಾಡಿ, ಆಮೇಲೆ ಚಕ್ರ ನೆಲಕ್ಕಿಳಿಸಿದೆ. ಹ್ಯಾಂಡ್‌ಬ್ರೇಕ್, ಫಸ್ಟ್ ಗೇರ್. ಹೆಂಡತಿ ಒಳಗೆ ಕೂತು ಬ್ರೇಕ್ ಒತ್ತಿ ಹಿಡಿದಳು. ಸಾಕೆಟ್ಟು ಹೊರಗೆ ಚಾಚಿಕೊಂಡಿರುತ್ತದೆ, ಓರೆಯಾದರೆ ಹಾರಿ ಮೊಣಕಾಲಿಗೆ ಬೀಳುತ್ತದೆ. ಅದರ ಕೆಳಗೆ ಜಾಕಿ ಆನಿಸಿಟ್ಟೆ. ಪೈಪು ಚಕ್ರದ ಬಲಕ್ಕೆ. ಎಡಕ್ಕಿಟ್ಟು ನಿಂತರೆ ನಟ್ಟು ಬಿಚ್ಚಿಕೊಳ್ಳುತ್ತದೆ.

ಗುರುತಿನ ಮೇಲೆ ಪಾದ ಇಟ್ಟು ಹತ್ತಿದೆ. ಪೈಪು ನನ್ನನ್ನು ಹೊತ್ತುಕೊಂಡು ಮೆಲ್ಲಗೆ ಕೆಳಗಿಳಿಯಿತು. ಇಳಿದು, ಹ್ಯಾಂಡಲ್ ತೆಗೆದು, ಸ್ವಲ್ಪ ಮೇಲಕ್ಕೆ ತಿರುಗಿಸಿ ಹಾಕಿ, ಮತ್ತೆ ಹತ್ತಿದೆ. ಮತ್ತೆ ಇಳಿಯಿತು. ಪೈಪು ನೆಲಕ್ಕೆ ಸಮವಾಗಿರುವಾಗ ನಾನು ನಿಂತರೂ ಅದು ಅಲ್ಲಾಡಬಾರದು, ಆಗ ಲೆಕ್ಕ ಸರಿ. ‘ಕುಣೀಬೇಡ, ಸುಮ್ನೆ ನಿಂತ್ಕೋ. ಕಾರು ಗಟ್ಟಿಯಾಗಿ ಹಿಡ್ಕೋಬೇಡ, ನಿನ್ನ ಭಾರ ಅದಕ್ಕೆ ಹೋಗುತ್ತೆ’ ಅಂತ ಮಗಳ ಅಪ್ಪಣೆ. ಎರಡು ಬೆರಳು ಮಾತ್ರ ಕಾರಿಗೆ ತಾಗಿಸಿ, ಕೊಕ್ಕರೆಯ ಹಾಗೆ ನಿಂತೆ. ಎದುರು ಮನೆಯ ಮೇಷ್ಟ್ರು ಹಾಲಿನ ಪಾಕೆಟ್ ಹಿಡಿದು ಗೇಟಿನಲ್ಲೇ ನಿಂತುಬಿಟ್ಟರು. ‘ಏನು ಸಾರ್, ಯೋಗಾನಾ?’

ನಾಲ್ಕನೇ ಸಲ ಪೈಪು ಅಲುಗಲಿಲ್ಲ.

‘ಆಯ್ತು!’ ಅಂತ ಕೂಗಿದೆ. ‘ಎಪ್ಪತ್ತೆರಡು ಕೆಜಿ, ಇಪ್ಪತ್ತೆಂಟು ಸೆಂಟಿಮೀಟರ್, ಕರೆಕ್ಟ್!’

ಕಾರಿನೊಳಗಿಂದ ಹೆಂಡತಿಯ ದನಿ ಬಂತು. ‘ರೀ, ಯಾರು ಎಪ್ಪತ್ತೆರಡು?’

‘ನಾನೇ.’

‘ಹೋದ ತಿಂಗಳು ಡಾಕ್ಟ್ರ ಹತ್ರ ನಿಂತಾಗ ಎಂಬತ್ನಾಲ್ಕು ಬಂತಲ್ರೀ. ಚೀಟಿ ಫ್ರಿಜ್ ಮೇಲೇ ಇದೆ.’

ರಸ್ತೆಯಲ್ಲಿ ಒಂದು ಕ್ಷಣ ಮೌನ. ಮೇಷ್ಟ್ರು ಹಾಲಿನ ಪಾಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. ಮಗಳು ಆಗಲೇ ಗುಣಿಸಲು ಶುರುಮಾಡಿದ್ದಳು. ‘ಹಾಗಾದ್ರೆ ನಟ್ಟಿಗೆ ಬಿದ್ದಿರೋದು 230. ಅಪ್ಪ, ನೀನು 12 ಕೆಜಿ ಮುಚ್ಚಿಟ್ಟಿದ್ದಕ್ಕೆ ಮೂವತ್ತು ಜಾಸ್ತಿ!’

ಜೀವನದಲ್ಲಿ ಎಷ್ಟೋ ಜನರಿಗೆ 72 ಅಂದಿದ್ದೇನೆ. ದರ್ಜಿ ನಂಬಿದ್ದಾನೆ. ಇನ್ಶೂರೆನ್ಸಿನವರು ಬರೆದುಕೊಂಡಿದ್ದಾರೆ. ಸಿಕ್ಕಿಬಿದ್ದದ್ದು ಮಾತ್ರ ಒಂದು ನಟ್ಟಿನ ಮುಂದೆ.

ಪೈಪನ್ನು ಎಡಕ್ಕೆ ಹಾಕಿ, ನಟ್ಟು ಸಡಿಲ ಮಾಡಿ, ಎಂಬತ್ನಾಲ್ಕರ ಲೆಕ್ಕಕ್ಕೆ 24 ಸೆಂಟಿಮೀಟರಿನಲ್ಲಿ ಇನ್ನೊಂದು ಗೆರೆ ಎಳೆದು, ಮತ್ತೆ ಹತ್ತಿ ಇಳಿದು ಹತ್ತಿದೆ. ಮೇಷ್ಟ್ರು ಕೊನೆಯವರೆಗೂ ಹೋಗಲಿಲ್ಲ. ಆಮೇಲೆ ಮೊಂಡು ಉಳಿಯಿಂದ ನಟ್ಟಿನ ಅಂಚನ್ನು ಶಾಫ್ಟಿನ ಕಚ್ಚಿಗೆ ಬಡಿದು ಕೂರಿಸಿದೆ. ಸಿಗ್ನಲ್ಲಿನಲ್ಲಿ ಈಗ ‘ಕಟಕ್’ ಇಲ್ಲ. ನಂಜನಗೂಡಿಗೂ ಒಂದು ಸಲ ಹೋಗಿ ಬಂದಾಯಿತು.

ಪೈಪು ಹಿತ್ತಲಿಗೆ ವಾಪಸ್ಸು ಹೋಗಿದೆ. ಮಗಳು ಗೆರೆಗಳ ಪಕ್ಕ ಅಳಿಸದ ಮಾರ್ಕರಿನಿಂದ ದಪ್ಪಕ್ಷರದಲ್ಲಿ 72, 84 ಅಂತ ಬರೆದಿದ್ದಾಳೆ. ಇದೇನೇ ಅಂತ ಅಮ್ಮ ಕೇಳಿದರೆ ‘ಅಪ್ಪನ ತೂಕ ಅಜ್ಜಿ’ ಅಂತಾಳೆ. ನಿನ್ನೆ ಬಟ್ಟೆ ತೆಗೆಯಲು ಹೋದಾಗ ನೋಡಿದೆ. ಇನ್ನೂ ಒಂದು ಗೆರೆ ಸೇರಿದೆ, 22.7ರಲ್ಲಿ. ಪಕ್ಕದಲ್ಲಿ ‘90, ಮುಂದಿನ ಸಲಕ್ಕೆ’ ಅಂತಿದೆ.