ಡಯಾಲಿಸಿಸ್ ಮೆಷಿನ್ ಕೊಡ್ತೀವಿ, ಸರಿ. ನೋಡ್ಕೊಳ್ಳೋರು ಯಾರು?

2023ರ ಮೇ ತಿಂಗಳಲ್ಲಿ ಪಾಪುವಾ ನ್ಯೂಗಿನಿಯ ಪೋರ್ಟ್ ಮೊರೆಸ್ಬಿಯಲ್ಲಿ ಭಾರತ ಮತ್ತು ಪೆಸಿಫಿಕ್ ದ್ವೀಪ ದೇಶಗಳ ಶೃಂಗಸಭೆ ನಡೆಯಿತು. 14 ದೇಶಗಳಲ್ಲೂ ಡಯಾಲಿಸಿಸ್ ಘಟಕ ಹಾಕಿಕೊಡುತ್ತೇವೆ ಅಂತ ನಮ್ಮ ಪ್ರಧಾನಿ ಅಲ್ಲಿ ಮಾತು ಕೊಟ್ಟರು. ಒಳ್ಳೆಯ ಮಾತೇ. ಆ ದ್ವೀಪಗಳಲ್ಲಿ ಸಕ್ಕರೆ ಕಾಯಿಲೆ ವಿಪರೀತ, ಅದರ ಬೆನ್ನಿಗೇ ಕಿಡ್ನಿ ತೊಂದರೆ. ಆದರೆ ಆಸ್ಪತ್ರೆ ಮೆಷಿನ್ ರಿಪೇರಿಯಲ್ಲೇ ಹೊಟ್ಟೆ ಹೊರೆಯುವ ನನಗೆ ಮೊದಲು ನೆನಪಾಗಿದ್ದು ನೀರು.

ಒಬ್ಬ ರೋಗಿಗೆ ನಾಲ್ಕು ಗಂಟೆ ಡಯಾಲಿಸಿಸ್ ಮಾಡಲು ಸುಮಾರು 120 ಲೀಟರ್ ದ್ರಾವಣ ಬೇಕು. ಅದಕ್ಕೆ ಆರ್‌ಒ ನೀರೇ ಆಗಬೇಕು. ಆರ್‌ಒದಲ್ಲಿ ಹೊರಗೆ ಹೋಗುವ ನೀರನ್ನೂ ಸೇರಿಸಿದರೆ ಲೆಕ್ಕ ಇನ್ನೂ ಜಾಸ್ತಿ. ಇದು ಸಾಮಾನ್ಯವಾಗಿ ವಾರಕ್ಕೆ ಮೂರು ಸಲ. ತುವಾಲುವಿನಲ್ಲಿ ಒಂದು ನದಿಯೂ ಇಲ್ಲ. ಸೂರಿನಿಂದ ಇಳಿಯುವ ಮಳೆನೀರನ್ನು ಟ್ಯಾಂಕಿಗೆ ಹಿಡಿದು ಕುಡಿಯುವ ಜನ. 2011ರಲ್ಲಿ ಮಳೆ ಕೈಕೊಟ್ಟಾಗ ನೀರಿಗಾಗಿ ತುರ್ತು ಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಅಂಥ ಊರಿಗೆ ಡಯಾಲಿಸಿಸ್ ಕೊಡುವುದು ಅಂದರೆ ನೀರಿನ ವ್ಯವಸ್ಥೆ, ಮೆಂಬ್ರೇನ್, ಕಾರ್ಬನ್ ಫಿಲ್ಟರ್, ಅವನ್ನು ಬದಲಿಸುವ ಮನುಷ್ಯ, ಎಲ್ಲವನ್ನೂ ಕೊಟ್ಟಂತೆ ಆಗಬೇಕು. ಮೆಷಿನ್ ಒಂದೇ ಇಳಿಸಿ ಬಂದರೆ ಅದು ಮೂಲೆ ಸೇರುವುದು ಖಂಡಿತ.

ಇನ್ನು ಕರೆಂಟ್. ಫಿಜಿ, ಸಮೋವಾ, ಕಿರಿಬಾಟಿಗಳಲ್ಲಿ ನಮ್ಮ ಹಾಗೇ 230–240 ವೋಲ್ಟ್, 50 ಹರ್ಟ್ಸ್. ಪಲಾವ್, ಮೈಕ್ರೊನೇಷ್ಯಾ, ಮಾರ್ಷಲ್ ದ್ವೀಪಗಳಲ್ಲಿ ಅಮೆರಿಕದ ರೀತಿ: 120 ವೋಲ್ಟ್, 60 ಹರ್ಟ್ಸ್. ದಾನ ಕೊಡುವವರು ಇದನ್ನು ನೋಡದೆ ಕಳಿಸಿದರೆ, 120 ವೋಲ್ಟಿನ ಸಪ್ಲೈ ಇರುವ ಮೆಷಿನ್ನನ್ನು 240ಕ್ಕೆ ಚುಚ್ಚಿದ ಮೊದಲ ದಿನವೇ ಕಥೆ ಮುಗಿಯಿತು. ಉಪ್ಪುಗಾಳಿಯ ಕಾಟ ಬೇರೆ. ಎಸಿ ಇಲ್ಲದ ಕೋಣೆಯಲ್ಲಿಟ್ಟ ಸರ್ಕ್ಯೂಟ್ ಬೋರ್ಡಿಗೆ ಹಸಿರು ಕಿಲುಬು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಮಂಗಳೂರು, ಕಾರವಾರದ ಕಡೆ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಕೇಳಿದರೆ, ಪೂರ್ತಿ ಕೆಟ್ಟು ನಿಂತ ಮೆಷಿನ್ನಿಗಿಂತ ಅರ್ಧ ಕೆಟ್ಟಿದ್ದೇ ಅಪಾಯ. ಆಕ್ಸಿಜನ್ ಕಾನ್ಸಂಟ್ರೇಟರನ್ನೇ ತಗೊಳ್ಳಿ. ಅದು ಕೋಣೆಯ ಗಾಳಿಯನ್ನು ಎಳೆದುಕೊಂಡು, ಒಳಗಿರುವ ಜಿಯೋಲೈಟ್ ಹರಳುಗಳಿಂದ ನೈಟ್ರೋಜನ್ ತಡೆದು, 90%ಗೂ ಮೇಲೆ ಆಕ್ಸಿಜನ್ ಕೊಡಬೇಕು. ಈ ಜಿಯೋಲೈಟಿಗೆ ತೇವ ಆಗಿಬರುವುದಿಲ್ಲ. ತೇವ ಹಿಡಿದರೆ ಶುದ್ಧತೆ ಇಳಿಯುತ್ತಾ ಹೋಗುತ್ತದೆ. ಆದರೆ ಮೆಷಿನ್ ಗುಂಯ್ ಅಂತ ಓಡುತ್ತಲೇ ಇರುತ್ತದೆ. ಗಾಳಿ ಎಷ್ಟು ಹರಿಯುತ್ತಿದೆ ಅಂತ ತೋರಿಸುವ ಫ್ಲೋಮೀಟರಿನ ಗುಂಡು ಮೇಲೆಯೇ ನಿಂತಿರುತ್ತದೆ, ಬಾಟಲಿಯಲ್ಲಿ ಗುಳ್ಳೆ ಏಳುತ್ತಿರುತ್ತವೆ. ಅಲಾರಂ ಕೂಡ ಕೆಟ್ಟಿದ್ದರೆ, ಮಗುವಿಗೆ ಹೋಗುತ್ತಿರುವುದು ಆಕ್ಸಿಜನ್ನೋ ಬರೀ ಗಾಳಿಯೋ ಅಂತ ನರ್ಸಿಗೆ ಹೇಗೆ ಗೊತ್ತಾಗಬೇಕು? ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ, ಅಂಗೈಯಗಲದ ಒಂದು ಅನಲೈಸರ್ ಇದ್ದರೆ ನಿಮಿಷದಲ್ಲಿ ಗೊತ್ತಾಗುತ್ತದೆ. ಹಿಂಬದಿಯ ಸ್ಪಂಜ್ ಫಿಲ್ಟರನ್ನು ವಾರಕ್ಕೊಮ್ಮೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. ಇದಕ್ಕೆ ಇಂಜಿನಿಯರ್ ಬೇಕಾ? ಬೇಡ. ಆದರೆ ಇದು ಇಂಥವರ ಕೆಲಸ ಅಂತ ಬರೆದಿಡಬೇಕು.

ಇದೆಲ್ಲ ಬಡ ದೇಶಗಳಲ್ಲಿ ಆಗುವ ಮಾತಲ್ಲ ಅನ್ನುವವರು ಪಾಪುವಾ ನ್ಯೂಗಿನಿಯನ್ನೇ ನೋಡಬೇಕು. ಅಲ್ಲಿ ಐದು ಆಸ್ಪತ್ರೆಗಳಿಗೆ ಕಾನ್ಸಂಟ್ರೇಟರ್, ಪಲ್ಸ್ ಆಕ್ಸಿಮೀಟರ್ ಕೊಟ್ಟರು. ಜೊತೆಗೆ ಅವನ್ನು ಬಳಸುವುದನ್ನೂ ನೋಡಿಕೊಳ್ಳುವುದನ್ನೂ ಕಲಿಸಿದರು. ಫಲಿತಾಂಶ 2008ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನ್ಯುಮೋನಿಯಾದಿಂದ ಮಕ್ಕಳು ಸಾಯುವ ಅಪಾಯ ಸುಮಾರು 35% ಇಳಿದಿತ್ತು. ಇದರಲ್ಲಿ ದೊಡ್ಡ ತಂತ್ರಜ್ಞಾನ ಏನೂ ಇರಲಿಲ್ಲ.

ಬಿಡಿಭಾಗದ ಗೋಳು ಮಾತ್ರ ನಿಜಕ್ಕೂ ಕಷ್ಟದ್ದು. ಕಿರಿಬಾಟಿಯ ರಾಜಧಾನಿ ತರಾವಾದಿಂದ ಅದೇ ದೇಶದ ಪೂರ್ವದ ದ್ವೀಪಗಳು 3,000 ಕಿಲೋಮೀಟರಿಗೂ ದೂರ. ಹೆಚ್ಚುಕಮ್ಮಿ ನಮ್ಮ ಕಾಶ್ಮೀರದಿಂದ ಕನ್ಯಾಕುಮಾರಿಯಷ್ಟು, ಅದೂ ನಡುವೆ ಪೂರ್ತಿ ಸಮುದ್ರ. ನೂರು ರೂಪಾಯಿ ಫ್ಯೂಸಿಗಾಗಿ ತಿಂಗಳುಗಟ್ಟಲೆ ಹಡಗು ಕಾಯಬೇಕಾದರೆ ಕೊರಿಯರ್ ನಂಬಿ ಕೂರೋಕಾಗುತ್ತಾ? ಅದಕ್ಕೇ ನನ್ನ ಹಟ ಇಷ್ಟು: ಪ್ರತಿ ಮೆಷಿನ್ನಿನ ಜೊತೆ ಕೆಲವು ವರ್ಷಕ್ಕಾಗುವಷ್ಟು ಬಿಡಿಭಾಗ ಅದೇ ಪೆಟ್ಟಿಗೆಯಲ್ಲಿ ಹೋಗಬೇಕು. ಒಂದು ದೇಶಕ್ಕೆ ಒಂದೇ ಕಂಪನಿಯ ಒಂದೇ ಮಾಡೆಲ್ ಹೋಗಬೇಕು. ನಾಲ್ಕು ಕಡೆಯಿಂದ ನಾಲ್ಕು ಮಾಡೆಲ್ ಬಂದು ಕೂತರೆ ಒಂದರ ಪಾರ್ಟ್ ಇನ್ನೊಂದಕ್ಕೆ ಕೂರುವುದಿಲ್ಲ.

ಮತ್ತೆ ಜನ. 1964ರಿಂದ ನಡೆಯುತ್ತಿರುವ ಭಾರತ ಸರ್ಕಾರದ ಐಟೆಕ್ ಯೋಜನೆಯಲ್ಲಿ ಬೇರೆ ದೇಶದವರು ಭಾರತಕ್ಕೆ ಬಂದು ತರಬೇತಿ ಪಡೆಯುತ್ತಾರೆ. ದ್ವೀಪಗಳ ಟೆಕ್ನಿಷಿಯನ್ನರನ್ನು ಅದರಡಿ ಬೆಂಗಳೂರಿಗೆ ಕರೆಸಿ. ಕ್ಲಾಸ್‌ರೂಮಲ್ಲಿ ಸುಮ್ನೆ ಸ್ಲೈಡ್ ತೋರಿಸುವುದು ಬೇಡ, ಡಯಾಲಿಸಿಸ್ ಸೆಂಟರಿನಲ್ಲೇ ಬಿಡಿ. ಪಂಪ್ ಬಿಚ್ಚಲಿ, ಆರ್‌ಒ ಮೆಂಬ್ರೇನ್ ಬದಲಿಸಲಿ. ವಾಪಸ್ ಹೋಗುವಾಗ ಸರ್ಟಿಫಿಕೇಟಿನ ಜೊತೆ ಟೂಲ್ ಕಿಟ್, ಮಲ್ಟಿಮೀಟರ್, ಆ ಪುಟ್ಟ ಅನಲೈಸರ್ ಕೊಡಿ. ಅವರು ರಾತ್ರಿ ವಾಟ್ಸ್ಆ್ಯಪ್ ಕಾಲ್ ಮಾಡಿದರೆ ಎತ್ತುವವರ ನಂಬರ್ ಕೊಡಿ. ನಮ್ಮ ಫೀಲ್ಡಿನಲ್ಲಿ ಅಂಥ ಕಾಲ್ ಎತ್ತುವವರಿಗೇನೂ ಬರ ಇಲ್ಲ, ಅಲ್ವಾ? ನನ್ನ ನಂಬರ್ ಬೇಕಾದ್ರೆ ಮೊದಲು ಹಾಕಿಕೊಳ್ಳಲಿ.