ಹಳೆಯ ಸಾಲದ ಬಡ್ಡಿ ತಾನಾಗಿ ಇಳಿಯುವುದಿಲ್ಲ, ಕೇಳಬೇಕು

ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಇಳಿದಿದೆ, ಮಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು ಇದೇ ಸಕಾಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಹೊಸ ಸಾಲಗಾರರ ಮಟ್ಟಿಗೆ ಒಪ್ಪುತ್ತೇನೆ. ಆದರೆ 2019ರ ಅಕ್ಟೋಬರ್‌ಗೆ ಮುಂಚೆ ಬ್ಯಾಂಕ್ ಸಾಲ ತೆಗೆದ ಎಷ್ಟೋ ಮಂದಿ ಇನ್ನೂ ಎಂಸಿಎಲ್‌ಆರ್‌ನಲ್ಲೇ, ಅಂದರೆ ಬ್ಯಾಂಕ್ ತನ್ನ ಖರ್ಚಿನ ಲೆಕ್ಕದಲ್ಲಿ ತಾನೇ ನಿಗದಿ ಮಾಡುವ ಬಡ್ಡಿ ದರದಲ್ಲೇ ಇದ್ದಾರೆ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೊ ಶೇ 6.5ರಿಂದ 5.5ಕ್ಕೆ ಬಂದರೂ ಅವರಿಗೆ ಅದರ ಲಾಭ ಮುಟ್ಟುವುದು ನಿಧಾನ, ಪೂರ್ತಿ ಮುಟ್ಟುವುದೂ ಇಲ್ಲ. ಶಾಖೆಗೆ ಹೋಗಿ ರೆಪೊ ಆಧಾರಿತ ಬಡ್ಡಿಗೆ ಬದಲಿಸಿ ಕೊಡಿ ಅಂತ ಅರ್ಜಿ ಕೊಡಬೇಕು. 20 ವರ್ಷದ 30 ಲಕ್ಷ ಸಾಲಕ್ಕೆ ಶೇ 9ರಲ್ಲಿ ಕಂತು ಸುಮಾರು 27,000, ಶೇ 8ರಲ್ಲಿ 25,100. ತಿಂಗಳಿಗೆ 1,900 ರೂಪಾಯಿ ಸಣ್ಣ ಮೊತ್ತವಲ್ಲ! ಕೆಲವೊಮ್ಮೆ ಕಂತು ಹಾಗೇ ಉಳಿದು ಅವಧಿ ಮಾತ್ರ ಕಡಿಮೆಯಾಗುತ್ತದೆ, ಸ್ಟೇಟ್‌ಮೆಂಟ್ ತೆಗೆಸಿ ನೋಡಿ.

ಇನ್ನೊಂದು ವಿಷಯ. ನಮ್ಮೂರಲ್ಲಿ ಮನೆಯ ಬೆಲೆ ಬರೀ ಬಡ್ಡಿಯಿಂದ ನಿರ್ಧಾರವಾಗುವುದಿಲ್ಲ. ಗಲ್ಫ್‌ನಿಂದ ಬರುವ ದುಡ್ಡಿದೆ, ಕೆಂಪುಕಲ್ಲು, ಮರಳಿನ ರೇಟಿದೆ. ಪಂಚಾಯತ್ ವ್ಯಾಪ್ತಿಯ ಜಾಗಕ್ಕೆ 9/11 (ಪಂಚಾಯತ್ ಕೊಡುವ ನಮೂನೆ 9 ಮತ್ತು 11ರ ಆಸ್ತಿ ದಾಖಲೆ) ಇಲ್ಲದಿದ್ದರೆ ಬಡ್ಡಿ ಎಷ್ಟೇ ಇಳಿದರೂ ಬ್ಯಾಂಕಿನಲ್ಲಿ ಸಾಲ ಸಿಗುವುದು ಕಷ್ಟ. ಅಡ್ವಾನ್ಸ್ ಕೊಡುವ ಮೊದಲೇ ಅದರ ಪ್ರತಿಯನ್ನು ಬ್ಯಾಂಕಿನವರಿಗೆ ತೋರಿಸಿ.