ಸ್ವಿಚ್ ಮೇಲಿನ ಬೆರಳು

ಗೆಳೆಯನೊಬ್ಬ ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ಕೊಂಡಿದ್ದಾನೆ. ಬಟ್ಟೆಯ ರೂಫನ್ನು ಹಿಂದಕ್ಕೆ ಮಡಿಸಿ ತೆರೆದು ಓಡಿಸಬಹುದಾದ ಕಾರು. 1996ರಲ್ಲಿ ಬಂದ ಮೊದಲ ತಲೆಮಾರಿನದು, 986 ಅಂತಾರಲ್ಲ, ಅದು. ಕೊಂಡ ವಾರದಲ್ಲೇ ಅವನ ಪ್ರಶ್ನೆ: "ರೂಫ್‌ಗೆ ರಿಮೋಟ್ ಮಾಡ್ಯೂಲ್ ಹಾಕಿಸಲಾ? ನೀನು ಹಾಕಿಸಿದ್ದೀಯಲ್ಲ, ಹೇಗಿದೆ?" ಒಂದು ತಟ್ಟಿಗೆ ಅಥವಾ ದೂರದಿಂದ ಕೀ ಒತ್ತಿದರೆ ರೂಫ್ ತಾನಾಗಿ ತೆರೆದು ಮುಚ್ಚುವಂತೆ ಮಾಡುವ ಎಲೆಕ್ಟ್ರಾನಿಕ್ ಸಾಧನ ಅದು. ಫೋನಿನಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಾಕಿಸು ಅಂತಲೇ ನನ್ನ ಉತ್ತರ. ಆದರೆ ರಿಮೋಟ್‌ಗಾಗಿ ಬೇಡ.

ಆ ಕಾರಿನಲ್ಲಿ ರೂಫ್ ತೆಗೆಯೋದು ಹೇಗೆ ಅಂತ ಮೊದಲು ಹೇಳುತ್ತೇನೆ. ಕಾರು ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಎಳೆಯಬೇಕು. ಒಳಗಿನ ಕನ್ನಡಿಯ ಮೇಲ್ಗಡೆ ರೂಫನ್ನು ಹಿಡಿದಿಡುವ ಲ್ಯಾಚ್ ಅನ್ನು ಕೈಯಿಂದ ಬಿಚ್ಚಬೇಕು. ಆಮೇಲೆ ಸ್ವಿಚ್ ಒತ್ತಿ ಹಿಡಿಯಬೇಕು, ಸುಮಾರು 12 ಸೆಕೆಂಡು. ಮಧ್ಯೆ ಬೆರಳು ತೆಗೆದರೆ ರೂಫ್ ಅಲ್ಲೇ ನಿಲ್ಲುತ್ತದೆ. ಮನೆ ಮುಂದೆ ಇದೇನೂ ಕಷ್ಟವಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಮಳೆ ಹನಿ ಬಿದ್ದರೆ ಮಾತ್ರ ಆ 12 ಸೆಕೆಂಡು ತುಂಬಾ ಉದ್ದ. ರೂಫ್ ಅರ್ಧಕ್ಕೆ ಬಂದಿರುತ್ತದೆ, ಹಸಿರು ದೀಪ ಹತ್ತುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಇದರ ಮುಂದಿನ ಮಾಡೆಲ್ 987ರಲ್ಲಿ ಕಂಪನಿಯೇ 50 ಕಿಲೋಮೀಟರ್ ವೇಗದವರೆಗೆ ರೂಫ್ ಆಡಿಸಲು ಬಿಟ್ಟಿತು. ಹಾಗಾಗಿ ಹಳೆಯ ಕಾರಿನವರಿಗೂ ಅದೇ ಸೌಕರ್ಯ ಬೇಕು ಅನ್ನಿಸೋದು ಸಹಜ ಅಲ್ವಾ?

ಕೆಲವರು ಇದಕ್ಕೆ ಒಂದು ಅಡ್ಡದಾರಿ ಹಿಡಿಯುತ್ತಾರೆ. ಹ್ಯಾಂಡ್‌ಬ್ರೇಕ್ ಸ್ವಿಚ್‌ನ ವೈರ್ ಕತ್ತರಿಸಿ ಜೋಡಿಸಿ, ಬ್ರೇಕ್ ಎಳೆದೇ ಇದೆ ಅಂತ ಕಾರನ್ನು ನಂಬಿಸೋದು. ದಯವಿಟ್ಟು ಇದನ್ನು ಮಾಡಬೇಡಿ. ಆಗ ರೂಫ್‌ಗೆ ವೇಗದ ಮಿತಿಯೇ ಇರೋದಿಲ್ಲ. ಹೈವೇಯಲ್ಲಿ ಕೈ ತಾಗಿದರೂ ಅದು ಮೇಲೇಳುತ್ತದೆ. ಅದರ ಕೆಳಗೆ ಗಾಳಿ ನುಗ್ಗಿದರೆ ಬಟ್ಟೆ ಇರಲಿ, ಚೌಕಟ್ಟೇ ಉಳಿಯೋದಿಲ್ಲ.

ಒಳ್ಳೆಯ ಮಾಡ್ಯೂಲ್ ಕೆಲಸ ಮಾಡುವ ರೀತಿ ಬೇರೆ. ರೂಫ್ ಸ್ವಿಚ್‌ಗೂ ರೂಫ್ ನಡೆಸುವ ಕಂಟ್ರೋಲ್ ಯೂನಿಟ್‌ಗೂ ಮಧ್ಯೆ ಅದು ಕೂರುತ್ತದೆ. ನಾವು ಒಮ್ಮೆ ತಟ್ಟಿದರೆ ಸಾಕು, ಉಳಿದ ಹೊತ್ತು ನಮ್ಮ ಪರವಾಗಿ ಸ್ವಿಚ್ ಒತ್ತಿ ಹಿಡಿದಂತೆ ಸಿಗ್ನಲ್ ಕೊಡುತ್ತದೆ. ಜೊತೆಗೆ ಕಾರಿನ ವೇಗವನ್ನೂ ಗಮನಿಸುತ್ತದೆ, ಮಿತಿ ದಾಟಿದ್ದರೆ ಶುರು ಮಾಡುವುದಿಲ್ಲ. ಹೊಸ ಕಾರುಗಳಲ್ಲಿ ಇದು ಇನ್ನೂ ಸುಲಭ. 1986ರಲ್ಲಿ ಬಾಷ್ ಕಂಪನಿ ಹೊರತಂದ ಕ್ಯಾನ್ ಬಸ್ ಅನ್ನುವ ವ್ಯವಸ್ಥೆಯಲ್ಲಿ ವೇಗ, ಬಾಗಿಲು, ಲಾಕ್ ಎಲ್ಲದರ ಸುದ್ದಿಯೂ ಎರಡು ವೈರುಗಳಲ್ಲಿ ಓಡಾಡುತ್ತಿರುತ್ತದೆ. ಮಾಡ್ಯೂಲ್ ಅದನ್ನು ಕೇಳಿಸಿಕೊಂಡರೆ ಆಯ್ತು. ಹೊಸ ರಿಮೋಟೂ ಬೇಕಿಲ್ಲ. ಕಾರಿನ ಕೀಯಲ್ಲೇ ಲಾಕ್, ಅನ್‌ಲಾಕ್, ಲಾಕ್ ಅಂತ ಬೇಗ ಬೇಗ ಒತ್ತಿದರೆ, ಆ ವರಸೆಯನ್ನು ಗುರುತಿಸಿ ರೂಫ್ ತೆಗೆಯುತ್ತದೆ.

ಒಂದೇ ತಟ್ಟಿನ ಸೌಕರ್ಯ ನನಗೆ ನಿಜಕ್ಕೂ ಇಷ್ಟ. ಎರಡೂ ಕೈ ಸ್ಟೀರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ. ಇದು ಸುರಕ್ಷತೆಯೂ ಹೌದು. ನನ್ನ ತಕರಾರು ಇರೋದು ದೂರದಿಂದ ಕೀ ಒತ್ತುವುದರ ಬಗ್ಗೆ.

ಹಾಕಿಸಿದ ಹೊಸದರಲ್ಲಿ ನಾನೂ ದೂರದಿಂದಲೇ ಒತ್ತುತ್ತಿದ್ದೆ. ಒಂದು ದಿನ ಬಾಗಿಲಲ್ಲಿ ನಿಂತು ರೂಫ್ ಮುಚ್ಚಲು ಕೀ ಒತ್ತಿದೆ. ಹಿಂದಿನ ಮುಚ್ಚಳ ಎದ್ದಿತು, ಬಟ್ಟೆ ಮೇಲೆ ಬಂತು. ಅಷ್ಟರಲ್ಲಿ ಕಾರಿನ ಆ ಕಡೆಯಿಂದ "ಮಾಮಾ" ಅಂತ ದನಿ. ಅಕ್ಕನ ಮಗಳು ಚೆಂಡು ಹುಡುಕಿಕೊಂಡು ಅಲ್ಲಿಗೆ ಹೋಗಿದ್ದಳು, ನನಗೆ ಕಂಡೇ ಇರಲಿಲ್ಲ. ಮುಚ್ಚಳ ತಾನಾಗಿ ಏಳುವುದನ್ನು ನೋಡಿ ಅದರ ಸಂದಿಗೆ ಕೈ ಚಾಚಿದ್ದಳು. ನಾನು ಮತ್ತೆ ಕೀ ಒತ್ತಿದೆ, ಅದು ನಿಂತಿತು. ಮಗುವಿಗೆ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ತುಂಬಾ ಹೊತ್ತು ನಡುಗುತ್ತಲೇ ಇತ್ತು. ಅವತ್ತೇ ಸಂಜೆ ಸೆಟ್ಟಿಂಗ್‌ಗೆ ಹೋಗಿ ಕೀಯಿಂದ ಆಡುವ ಸೌಲಭ್ಯವನ್ನು ಆಫ್ ಮಾಡಿದೆ.

ಅಲ್ಲಿಯವರೆಗೆ, ಸ್ವಿಚ್ ಒತ್ತಿ ಹಿಡಿಯಬೇಕು ಅನ್ನೋದು ಹಳೆಯ ಕಾರಿನ ಕೊರತೆ ಅಂತ ನಾನು ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಬೆರಳು ಸ್ವಿಚ್ ಮೇಲಿದ್ದಾಗ ಕಣ್ಣೂ ಕಿವಿಯೂ ರೂಫ್ ಕಡೆಗೇ ಇರುತ್ತವೆ. ಏನಾದರೂ ಕಂಡರೆ, ಬೇರೆ ಥರ ಶಬ್ದ ಬಂದರೆ, ಯೋಚನೆಗೂ ಮೊದಲೇ ಬೆರಳು ಸಡಿಲವಾಗುತ್ತದೆ. ಅಮೆರಿಕದಲ್ಲಿ ಕಾರಿನ ಪವರ್ ವಿಂಡೋಗಳನ್ನು ರಿಮೋಟ್‌ನಿಂದ ಮುಚ್ಚಲು ಇರುವ ನಿಯಮವೂ ಇದೇ ಜಾಡಿನದು. ಏನಾದರೂ ತಡೆದರೆ ಕಿಟಕಿ ತಾನಾಗಿ ಹಿಂದೆ ಸರಿಯುವ ವ್ಯವಸ್ಥೆ ಇಲ್ಲದಿದ್ದರೆ, ಬಟನ್ ಒತ್ತಿ ಹಿಡಿದೇ ಇರಬೇಕು. ಗೋಡೆಯಾಚೆಗೂ ಕೆಲಸ ಮಾಡುವ ರಿಮೋಟ್ ಆದರೆ 6 ಮೀಟರ್‌ಗಿಂತ ದೂರದಿಂದ ಅದು ನಡೆಯಬಾರದು.

ಕಾರಿನ ಆರೋಗ್ಯಕ್ಕೂ ಇದು ಮುಖ್ಯ. 986ರಲ್ಲಿ ಮಧ್ಯದ ಒಂದೇ ಮೋಟಾರ್, ಕೇಬಲ್‌ಗಳ ಮೂಲಕ ಎರಡೂ ಕಡೆಯ ಗೇರ್‌ಗಳನ್ನು ತಿರುಗಿಸುತ್ತದೆ. ರೂಫ್ ಎತ್ತುವ ಸರಳುಗಳ ತುದಿಯಲ್ಲಿ ಪ್ಲಾಸ್ಟಿಕ್ ಬಟ್ಟಲಿನಂಥ ಭಾಗ ಇರುತ್ತದೆ, ವಯಸ್ಸಾದಂತೆ ಅದು ಒಡೆಯುತ್ತದೆ. ಒಂದು ಕಡೆ ಹಿಡಿತ ತಪ್ಪಿದರೂ ಇನ್ನೊಂದು ಕಡೆ ಎಳೆಯುತ್ತಲೇ ಇರುತ್ತದೆ, ಚೌಕಟ್ಟು ಸೊಟ್ಟಗಾಗುತ್ತದೆ. ಒಳಗೆ ಕೂತವರಿಗೆ ಟಕ್ ಅನ್ನೋ ಶಬ್ದ ಕೇಳುತ್ತದೆ. ದೂರ ನಿಂತವರಿಗೆ ಕೇಳೋದಿಲ್ಲ.

ಇನ್ನು ಹಿಂದಿನ ಕಿಟಕಿ. 2003ರ ಮಾಡೆಲ್‌ನಿಂದ ಅದಕ್ಕೆ ಗಾಜು ಬಂತು, ಅದಕ್ಕೆ ಮೊದಲಿನದು ಪ್ಲಾಸ್ಟಿಕ್. ಚಳಿಯಲ್ಲಿ ಅದು ಬಿರುಸಾಗುತ್ತದೆ, ಮಡಿಸಿದರೆ ಗೆರೆ ಬೀಳುತ್ತದೆ, ಒಮ್ಮೊಮ್ಮೆ ಸೀಳುತ್ತದೆ. ಅದಕ್ಕೇ ಈ ಕಾರಿನವರು ರೂಫನ್ನು ಅರ್ಧದಲ್ಲಿ ನಿಲ್ಲಿಸಿ, ಕಿಟಕಿಯ ನಡುವೆ ಅಂಗೈ ಅಂಚಿನಿಂದ ಮೆಲ್ಲಗೆ ಹೊಡೆದು ಮಡಿಕೆ ಸರಿಮಾಡುತ್ತಾರೆ. ಬಾಕ್ಸ್‌ಸ್ಟರ್ ಚಾಪ್ ಅಂತಲೇ ಅದಕ್ಕೆ ಹೆಸರಿದೆ. ಕೆಲವರು ಮಡಿಕೆಗೆ ಟವೆಲ್ ಇಡುತ್ತಾರೆ. ಎರಡಕ್ಕೂ ಮನುಷ್ಯ ಕಾರಿನ ಪಕ್ಕದಲ್ಲೇ ಇರಬೇಕು. ಗೆಳೆಯನ ಕಾರು 2000ದ್ದು, ಪ್ಲಾಸ್ಟಿಕ್ ಕಿಟಕಿ.

ಹಾಗಾಗಿ ಅವನಿಗೆ ಹೇಳಿದ್ದು ಇಷ್ಟು. ವೈರ್ ಕತ್ತರಿಸದೆ ಕೂರುವ ಮಾಡ್ಯೂಲ್ ತಗೋ, ನಾಳೆ ಕಾರು ಮಾರುವಾಗ ಬಿಚ್ಚಿ ಇಟ್ಟುಕೊಳ್ಳಬಹುದು. ಮತ್ತೊಮ್ಮೆ ತಟ್ಟಿದರೆ ತಕ್ಷಣ ನಿಲ್ಲುತ್ತದಾ ಅಂತ ಕೇಳಿಯೇ ದುಡ್ಡು ಕೊಡು. ವೇಗದ ಮಿತಿ ಕಡಿಮೆಯೇ ಇಟ್ಟುಕೋ. ಕೀಯಿಂದ ಆಡೋದನ್ನು ಮೊದಲ ದಿನವೇ ಆಫ್ ಮಾಡು.

ಈ ಭಾನುವಾರ ಇಬ್ಬರೂ ಸೇರಿ ಕೂರಿಸುತ್ತಿದ್ದೇವೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ಮತ್ತೆ ಜೋಡಿಸಿದಾಗ ಕಾರಿನ ರೇಡಿಯೋ ಕೋಡ್ ಕೇಳಬಹುದು, ಅದಕ್ಕೇ ಆ ಕೋಡ್ ಹುಡುಕಿಟ್ಟುಕೋ ಅಂದಿದ್ದೇನೆ. ಮೊದಲ ಸಲ ರೂಫ್ ಆಡಿಸುವಾಗ ಅವನು ಒಳಗೆ ಕೂರುತ್ತಾನೆ, ನಾನು ಟವೆಲ್ ಹಿಡಿದು ಹಿಂದೆ ನಿಂತಿರುತ್ತೇನೆ.